ಬೀರುವಿನಲ್ಲಿ ಉಳಿದ ದಾಸವಾಳ

ಜೀವಶಾಸ್ತ್ರ ಹೇಳಿಕೊಡುವವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಕಂಡದ್ದಕ್ಕೆಲ್ಲ ವಿವರಣೆ ಕೊಡುವುದು. ನಾನು ರಾಜಾಜಿನಗರದ ಒಂದು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ; ತಲೆ ಬೆಳ್ಳಗಾಗುವಷ್ಟು ವರ್ಷ ಮಾಡಿದ್ದೇನೆ. ದೋಸೆ ಹಿಟ್ಟು ಉಬ್ಬಿದರೆ ಅದಕ್ಕೊಂದು ಪಾಠ, ಮೆಟ್ಟಿಲ ಮೇಲೆ ಪಾಚಿ ಕಟ್ಟಿದರೆ ಅದಕ್ಕೊಂದು ಪಾಠ. ಈಗಲೂ ಅಡುಗೆಮನೆಯಲ್ಲಿ ನಿಂತು ಬಾಯಿಬಿಟ್ಟು ಹೇಳಿಬಿಡುತ್ತೇನೆ. ಆಮೇಲೆ ನೆನಪಾಗುತ್ತದೆ, ಮನೆಯಲ್ಲಿ ಕೇಳುವವರು ಯಾರೂ ಇಲ್ಲ ಎಂದು.

ಮೊದಲು ಒಬ್ಬರಿದ್ದರು. ನಮ್ಮ ಯಜಮಾನರು ಇಂಡಸ್ಟ್ರಿಯಲ್ ಎಸ್ಟೇಟಿನ ವರ್ಕ್‌ಶಾಪೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಓದಿದ ಹುಡುಗಿಗೆ ಕಬ್ಬಿಣ ಕೊರೆಯುವ ಗಂಡನೇ ಎಂದು ನನ್ನ ಸೋದರತ್ತೆ ಮದುವೆ ಛತ್ರದಲ್ಲೇ ಮೂಗು ಮುರಿದಿದ್ದರು. ಅವರಿಗೇನು ಗೊತ್ತು, ಓದಿದ ಗಂಡಂದಿರು ಹೆಂಡತಿಯ ಪಾಠ ಕೇಳಿಸಿಕೊಳ್ಳುವುದಿಲ್ಲ. ಇವರು ಕೇಳಿಸಿಕೊಳ್ಳುತ್ತಿದ್ದರು. ಬಸವೇಶ್ವರನಗರದ ನಮ್ಮ ಮಹಡಿ ಮನೆಯ ಬಾಲ್ಕನಿಯಲ್ಲಿ ಸಂಜೆ ಟೀ ಲೋಟ ಹಿಡಿದು ಕೂತು ಹೂಂಗುಟ್ಟುತ್ತಿದ್ದರು. ಮಕ್ಕಳಾಗಲಿಲ್ಲ ನಮಗೆ. ನನ್ನ ಮೊದಲ ವಿದ್ಯಾರ್ಥಿ ಅವರೇ, ಕೊನೆಯ ಬೆಂಚಿನ ತರಲೆಯೂ ಅವರೇ.

ಒಂದು ಸಂಜೆ ಮರುದಿನದ ಪಾಠವನ್ನು ಅವರ ಮುಂದೆ ಒಪ್ಪಿಸುತ್ತಿದ್ದೆ.

"ಮೊದ್ಲು ಗಾಳೀಲಿ ಆಕ್ಸಿಜನ್ನೇ ಇರ್ಲಿಲ್ಲ ಕಣ್ರೀ. ಸಮುದ್ರದ ತುಂಬಾ ಕಬ್ಬಿಣ ಕರಗಿತ್ತು. ನೀಲಿ-ಹಸಿರು ಪಾಚಿ ಅಂತ ಒಂದು ಹುಟ್ಕೊಳ್ತು. ಬಿಸಿಲಿನ ಶಕ್ತಿ ಹಿಡ್ಕೊಂಡು, ನೀರು ಒಡೆದು, ತನ್ನ ಊಟ ತಾನೇ ಮಾಡ್ಕೊಂಡು ಆಕ್ಸಿಜನ್ ಹೊರಗೆ ಬಿಡೋಕೆ ಶುರು ಮಾಡ್ತು. ಆ ಆಕ್ಸಿಜನ್ ಮೊದ್ಲು ಹೋಗಿ ಹಿಡ್ಕೊಂಡಿದ್ದು ಕಬ್ಬಿಣಾನ. ಕಬ್ಬಿಣ ತುಕ್ಕಾಗಿ ತಳಕ್ಕೆ ಇಳೀತು, ಪದರ ಪದರವಾಗಿ. ಬಳ್ಳಾರಿ ಕಡೆ ಬೆಟ್ಟಗಳಲ್ಲಿ ಅದಿರು ತೆಗೀತಾರಲ್ಲ, ಅದೂ ಅಂಥ ಪದರಾನೇ."

ಅವರು ತಮ್ಮ ಕೈ ನೋಡಿಕೊಂಡರು. ಎಷ್ಟು ಸೋಪು ಹಾಕಿ ಉಜ್ಜಿದರೂ ಆ ಗೆರೆಗಳೊಳಗಿನ ಕಪ್ಪು ಹೋಗುತ್ತಿರಲಿಲ್ಲ.

"ಹಂಗಾದ್ರೆ ನನ್ನ ಹೊಟ್ಟೆಪಾಡು ನಡೀತಿರೋದು ನಿನ್ನ ಪಾಚಿಯಿಂದ ಅನ್ನು."

"ಹೌದು ಮತ್ತೆ."

"ಸದ್ಯ. ನಾನು ನಿನ್ನ ಸಂಬಳದಿಂದ ಅಂದ್ಕೊಂಡಿದ್ದೆ."

ಬಾಲ್ಕನಿಯ ದಾಸವಾಳ ಅವರದು. ಎದುರುಮನೆಯವರು ಬೇಲಿ ಸವರುವಾಗ ಬಿಸಾಡಿದ ಒಂದು ಕಡ್ಡಿಯನ್ನು ತಂದು ನೆಟ್ಟಿದ್ದರು. ಕುಂಡ ಎಂದರೆ ವರ್ಕ್‌ಶಾಪಿನ ಆಯಿಲ್ ಡಬ್ಬ. ಅದರ ತಳಕ್ಕೆ ಡ್ರಿಲ್ ಮಿಷನ್ನಿನಲ್ಲಿ ಎಷ್ಟು ಒಪ್ಪವಾಗಿ ತೂತು ಕೊರೆದಿದ್ದರೆಂದರೆ ರಂಗೋಲಿಯ ಚುಕ್ಕಿ ಇಟ್ಟಂತಿತ್ತು. ಡಬ್ಬ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಕುಂಡ ತನ್ನಿ ಎಂದು ನಾನು ಹೇಳುತ್ತಲೇ ಇದ್ದೆ. "ತುಕ್ಕು ಹಿಡಿದ್ರೆ ಗಿಡ ಆಕ್ಸಿಜನ್ ಬಿಡ್ತಾ ಇದೆ ಅಂತ ಲೆಕ್ಕ ಅಲ್ವಾ ಮೇಡಂ" ಎಂದು ನನ್ನ ಪಾಠವನ್ನೇ ನನಗೆ ತಿರುಗಿಸುತ್ತಿದ್ದರು. ಡಬ್ಬದ ಬುಡದಿಂದ ನೀರು ಸೋರಿ ಬಾಲ್ಕನಿಯ ನೆಲದ ಮೇಲೆ ಕೆಂಪು ಬಳೆಯಂಥ ಗುರುತಾಗಿತ್ತು. ನಾನು ಬ್ರಷ್ ಹಾಕಿ ತಿಕ್ಕಿ ತಿಕ್ಕಿ ಸೋತು ಬಿಟ್ಟಿದ್ದೆ.

ಗಿಡದ ಮೈ ಮಣ್ಣಿನಿಂದ ಆದದ್ದಲ್ಲ, ಹೆಚ್ಚಿನ ಪಾಲು ಗಾಳಿಯಿಂದ ಆದದ್ದು ಎಂದು ಹೇಳಿದಾಗ ಮಾತ್ರ ಅವರು ನಂಬಲಿಲ್ಲ.

"ಗಾಳಿ ತಿಂದು ಕಟ್ಟಿಗೆ ಆಗುತ್ತಾ?"

"ನೀವು ಬಿಡೋ ಉಸಿರಲ್ಲಿ ಇಂಗಾಲ ಇರುತ್ತೆ. ಗಿಡ ಅದನ್ನ ಎಲೆಯೊಳಗೆ ಎಳ್ಕೊಳ್ಳುತ್ತೆ. ನೀರಿನ ಜೊತೆ ಸೇರ್ಸಿ, ಬಿಸಿಲಲ್ಲಿ ಅಡುಗೆ ಮಾಡಿ, ಸಕ್ಕರೆ ಮಾಡ್ಕೊಳ್ಳುತ್ತೆ. ಆ ಸಕ್ಕರೆಯಿಂದಾನೇ ಕಾಂಡ, ಬೇರು, ಹೂವು ಎಲ್ಲಾ."

 ಅವರು ಟೀ ಲೋಟ ಕೆಳಗಿಟ್ಟು, ಬಗ್ಗಿ, ಡಾಕ್ಟರ ಮುಂದೆ ಬಾಯಿ ತೆರೆಯುವಂತೆ ತೆರೆದು ಎಲೆಗಳ ಮೇಲೆ "ಹಾ…" ಎಂದು ಉದ್ದಕ್ಕೆ ಉಸಿರು ಬಿಟ್ಟರು.

"ಊಟ ಹಾಕ್ದೆ ಕಣೇ ನಿನ್ ಗಿಡಕ್ಕೆ."

ಅಂದಿನಿಂದ ಅದೊಂದು ನೇಮವಾಯಿತು. ಕೆಲಸದಿಂದ ಬಂದು, ಕೈಕಾಲು ತೊಳೆದು, ಟೀ ಕುಡಿದು, ಗಿಡಕ್ಕೆ ಊಟ ಹಾಕುವುದು. ಕೆಳಗಿನ ಮನೆಯವರು ಒಮ್ಮೆ ನೋಡಿ, "ಅಂಕಲ್‌ಗೆ ಏನಾಗಿದೆ ಆಂಟಿ?" ಎಂದು ಕೇಳಿದ್ದೂ ಉಂಟು. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಗಿಡ ನಿಮ್ಮೊಬ್ಬರ ಉಸಿರನ್ನೇ ನಂಬಿಕೊಂಡು ಕೂತಿಲ್ಲ, ಬೀದಿಯ ಗಾಳಿಯನ್ನೂ ತಿನ್ನುತ್ತದೆ ಎಂದು ತಿದ್ದುತ್ತಿದ್ದೆ. "ಮನೆ ಊಟಾನೇ ಬೇರೆ, ಹೋಟ್ಲೂಟಾನೇ ಬೇರೆ" ಎನ್ನುತ್ತಿದ್ದರು.

ಪ್ರತಿ ವರ್ಷ ದಸರೆಗೆ ಮುಂಚೆ ಆ ಗಿಡ ಕಾಲೇಜಿಗೆ ಹೋಗುತ್ತಿತ್ತು. ಎಲೆಯಲ್ಲಿ ಆಹಾರ ತಯಾರಾಗಲು ಬೆಳಕು ಬೇಕೇ ಬೇಕು ಎಂದು ತೋರಿಸುವ ಪ್ರಯೋಗ. ಎಲೆ ತಾನು ಮಾಡಿದ ಸಕ್ಕರೆಯಲ್ಲಿ ಒಂದಷ್ಟನ್ನು ಪಿಷ್ಟವಾಗಿ ಕೂಡಿಡುತ್ತದೆ. ಗಿಡವನ್ನು ಎರಡು ದಿನ ಕತ್ತಲಲ್ಲಿಟ್ಟರೆ ಕೂಡಿಟ್ಟದ್ದನ್ನೆಲ್ಲ ತಿಂದು ಮುಗಿಸುತ್ತದೆ. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆಯನ್ನು ನಾನು ಪ್ರತಿ ಸಲವೂ ಇಲ್ಲಿ ಹೇಳುತ್ತೇನೆ, ಮಕ್ಕಳು ಪ್ರತಿ ಸಲವೂ ಆಕಳಿಸುತ್ತಾರೆ. ಆಮೇಲೆ ಒಂದು ಎಲೆಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಬಿಸಿಲಿಗಿಟ್ಟು, ಸ್ಪಿರಿಟ್ಟಿನಲ್ಲಿ ಬೇಯಿಸಿ ಅಯೋಡಿನ್ ಹಾಕಿದರೆ ಬೆಳಕು ಬಿದ್ದ ಭಾಗ ಮಾತ್ರ ಕಡುನೀಲಿಯಾಗುತ್ತದೆ. ಸ್ಮಾರ್ಟ್ ಬೋರ್ಡಿನಲ್ಲಿ ಇದರ ವಿಡಿಯೋ ಇದೆ. ವಿಡಿಯೋದಲ್ಲಿ ಸ್ಪಿರಿಟ್ಟಿನ ವಾಸನೆ ಬರುವುದಿಲ್ಲ ಎಂದು ನಾನು ಹಟ ಹಿಡಿದು ಗಿಡವನ್ನೇ ತರುತ್ತಿದ್ದೆ. ಯಜಮಾನರು ಡಬ್ಬವನ್ನು ಸ್ಕೂಟರಿನಲ್ಲಿ ಕಾಲ ಮಧ್ಯೆ ಇಟ್ಟುಕೊಂಡು, ರಾಜ್‌ಕುಮಾರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಎಲೆಗಳ ನಡುವಿನಿಂದ ಇಣುಕಿ ನೋಡುತ್ತಾ ಓಡಿಸುತ್ತಿದ್ದರು. ಹಿಂದೆ ನಾನು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟು ಮಿಷನ್ ಹತ್ತಿರ ಹೋದವರು ಅಲ್ಲೇ ಕುಸಿದರು. ಹೃದಯ. ಅದನ್ನೂ ನಾನು ಮಕ್ಕಳಿಗೆ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಹೇಳಿಕೊಡುತ್ತೇನೆ.

ಕಾಲೇಜು ಶುರುವಾಯಿತು, ಹೋದೆ. ಆ ಪಾಚಿಯ ಪಾಠ ಬಂತು, ಮಾಡಿದೆ. ಕಬ್ಬಿಣವೆಲ್ಲ ತುಕ್ಕಾದ ಮೇಲೆ ಉಳಿದ ಆಕ್ಸಿಜನ್ ಗಾಳಿಗೆ ಬಂತು, ಅಲ್ಲಿಯವರೆಗೆ ಅದಿಲ್ಲದೆ ಬದುಕಿದ್ದ ಜೀವಿಗಳಿಗೆ ಅದು ವಿಷವಾಯಿತು ಎಂದೆ. ಕೆಲವು ಸತ್ತವು. ಕೆಲವು ಅದನ್ನೇ ಉಸಿರಾಡಲು ಕಲಿತವು. ಅದರಿಂದ ಅದೇ ಊಟದಲ್ಲಿ ಎಷ್ಟೋ ಪಟ್ಟು ಹೆಚ್ಚು ಶಕ್ತಿ ತೆಗೆಯಲು ಸಾಧ್ಯವಾಯಿತು, ನಾವೆಲ್ಲ ಆ ಕಡೆಯವರು. ಇನ್ನು ಕೆಲವು ಕೆಸರಿನೊಳಗೆ ಅವಿತುಕೊಂಡವು.

"ಕೆಸರಿಗೆ ಹೋದವು ಏನಾದ್ವು ಮ್ಯಾಮ್?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಇನ್ನೂ ಅಲ್ಲೇ ಇದಾವೆ. ಬಾಪೂಜಿನಗರದ ಹತ್ರ ಕಾಲುವೇಲಿ ಗುಳ್ಳೆ ಏಳುತ್ತಲ್ಲ, ಅದು ಅವೇ."

ಕ್ಲಾಸೆಲ್ಲ ಮೂಗು ಹಿಡಿದುಕೊಂಡು ನಕ್ಕಿತು. ನಾನೂ ಆಗ ಆ ಕೆಸರಿನ ಗುಂಪಿನವಳೇ ಎಂದು ಅವರಿಗೆ ಹೇಗೆ ಹೇಳಲಿ? ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ತೆರೆಯುತ್ತಿದ್ದೆ. ನಡುವೆ ಮಾಡುತ್ತಿದ್ದ ಒಂದೇ ಕೆಲಸ, ದಾಸವಾಳಕ್ಕೆ ನೀರು ಹಾಕುವುದು. ಅವರು ಹೋದ ಮೇಲೂ ಅದು ಹೂ ಬಿಡುತ್ತಿತ್ತು. ಕಿತ್ತು ದೇವರಿಗಿಡಲು ಕೈ ಬರುತ್ತಿರಲಿಲ್ಲ. ಆ ಹೂವಿನ ಮೈಯಲ್ಲಿ ಅವರ ಉಸಿರಿದೆ ಎಂದು ನನಗೆ ಗೊತ್ತಿತ್ತು. ಇದು ಭಾವುಕತೆಯಲ್ಲ, ಪಠ್ಯಪುಸ್ತಕದಲ್ಲೇ ಇರುವ ಮಾತು. ಎಷ್ಟು ಪಾಲು ಎಂದು ಯಾರೂ ಹೇಳಲಾರರು, ಸ್ವಲ್ಪವಂತೂ ಇದೆ. ಚಿತಾಭಸ್ಮವನ್ನು ನದಿಗೆ ಬಿಟ್ಟಿದ್ದಾಯಿತು. ಉಳಿದದ್ದು ಈ ಡಬ್ಬದಲ್ಲಿರುವುದು.

ದಸರಾ ಹತ್ತಿರ ಬಂದಾಗ ಗಿಡವನ್ನು ಒಯ್ಯುವುದೋ ಬೇಡವೋ ಎಂದು ಯೋಚಿಸಿದೆ. ಒಯ್ಯದಿದ್ದರೆ ಅವರು ಇನ್ನೊಂದು ಸಲ ಹೋದಂತೆ ಎನಿಸಿತು. ಆಟೋ ಮಾಡಿಕೊಂಡು ಹೋದೆ. ಲ್ಯಾಬಿನ ಕಬ್ಬಿಣದ ಬೀರುವಿನ ಕೆಳಗಿನ ಹಲಗೆ ತೆಗೆದು ಗಿಡ ಇಟ್ಟು, ನೀರುಣಿಸಿ, ಬಾಗಿಲು ಮುಚ್ಚಿದೆ. ರಜೆಗೆ ಮುಂಚಿನ ಕೊನೆಯ ದಿನ ಬೆಳಿಗ್ಗೆ ಪ್ರಯೋಗ ಮಾಡಬೇಕಿತ್ತು. ಆದರೆ ಅಂದೇ ಕಾಲೇಜಿನ ಆಯುಧಪೂಜೆ. ಮಕ್ಕಳು ಬಾಳೆಕಂದು ಕಟ್ಟುವುದರಲ್ಲಿ, ಫೋಟೋ ತೆಗೆದುಕೊಳ್ಳುವುದರಲ್ಲಿ ಮುಳುಗಿದ್ದರು. ಹೋಗಲಿ, ಪೂಜೆ ಮುಗಿದ ಮೇಲೆ ಗಿಡವನ್ನು ಮನೆಗೆ ಒಯ್ದು ರಜೆಯ ನಂತರ ಮಾಡೋಣ ಎಂದುಕೊಂಡೆ. ಮೈಕ್ರೋಸ್ಕೋಪುಗಳನ್ನು ಜೋಡಿಸಲು ಮಕ್ಕಳು ದೊಡ್ಡ ಮೇಜನ್ನು ಎಳೆದು ಬೀರುವಿಗೇ ಒತ್ತಿ ನಿಲ್ಲಿಸಿದರು.

ನಮ್ಮ ಲ್ಯಾಬಿನ ಪೂಜೆಯಲ್ಲಿ ಮೈಕ್ರೋಸ್ಕೋಪಿಗೆ ವಿಭೂತಿ ಹಚ್ಚಿ ಕುಂಕುಮ ಇಡುವುದು ಎಷ್ಟೋ ವರ್ಷದಿಂದ ನನ್ನ ಕೆಲಸವಾಗಿತ್ತು. ಲೆನ್ಸಿಗೆ ತಾಗದಂತೆ ಇಡಬೇಕು, ಅದು ಎಲ್ಲರಿಗೂ ಬರುವುದಿಲ್ಲ. ಆ ದಿನ ನಾನು ಹೋಗುವಷ್ಟರಲ್ಲಿ ಬೇರೆ ಯಾರೋ ಇಟ್ಟು ಮುಗಿಸಿದ್ದರು. ಲೆನ್ಸಿಗೂ ಮೆತ್ತಿದ್ದರು.  ಮಂಗಳಾರತಿ ಆಯಿತು. ಕೆಮಿಸ್ಟ್ರಿಯ ಲೆಕ್ಚರರ್, ನನ್ನನ್ನು ಅಕ್ಕ ಎಂದು ಕರೆಯುವವಳು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೆಂಗಸರಿಗೆಲ್ಲ ಕೊಡುತ್ತಾ ಬಂದಳು. ನನ್ನ ಈಚೆಯವಳಿಗೆ ಕೊಟ್ಟಳು. ತಟ್ಟೆ ನನ್ನ ಮುಂದೆ ಒಂದು ಗಳಿಗೆ ನಿಂತಿತು. ಅವಳ ಮುಖ ಕೆಂಪಾಯಿತು. ತಟ್ಟೆ ನನ್ನನ್ನು ದಾಟಿ ಆಚೆಯವಳ ಹತ್ತಿರ ಹೋಯಿತು.

"ಅಕ್ಕ, ಪ್ರಸಾದ ತಗೊಳ್ಳಿ" ಎಂದು ಹಿಂತಿರುಗಿ ಬಂದು ಒಂದು ಬಾಳೆಹಣ್ಣು ಕೊಟ್ಟಳು.

ಕೊಟ್ಟಿದ್ದರೆ ನಾನೇ ಬೇಡ ಎನ್ನುತ್ತಿದ್ದೆನೋ ಏನೋ. ಆದರೆ ಬೇಡ ಎನ್ನುವುದು ನನ್ನ ಬಾಯಿಂದ ಬರಬೇಕಿತ್ತು. ಸಿಟ್ಟು ನೆತ್ತಿಗೇರಿತು. ಬಾಳೆಹಣ್ಣನ್ನು ಮೇಜಿನ ಮೇಲಿಟ್ಟು, ಬ್ಯಾಗು ಹೆಗಲಿಗೇರಿಸಿ, ಗೇಟಿನಲ್ಲಿ ಒಡೆದು ಬಿದ್ದಿದ್ದ ಬೂದುಗುಂಬಳದ ಚೂರುಗಳನ್ನು ದಾಟಿ, ಯಾರಿಗೂ ಹೇಳದೆ ನಡೆದುಬಿಟ್ಟೆ. ಮನೆಗೆ ಬಂದು ತಲೆತುಂಬಾ ಹೊದ್ದು ಮಲಗಿದೆ. ಮರುದಿನವೂ ಏಳಲು ಮನಸ್ಸಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಚೊಂಬಿನಲ್ಲಿ ನೀರು ಹಿಡಿದು ಬಾಲ್ಕನಿಗೆ ಹೋದೆ. ನೆಲದ ಮೇಲೆ ಕೆಂಪು ಬಳೆಯ ಗುರುತು ಮಾತ್ರ ಇತ್ತು, ಡಬ್ಬ ಇರಲಿಲ್ಲ.

ಗಿಡ ಬೀರುವಿನಲ್ಲೇ ಉಳಿದುಬಿಟ್ಟಿತ್ತು. ಲ್ಯಾಬಿನ ಬೀಗದಕೈ ಇರುವುದು ಅಟೆಂಡರ್ ಹತ್ತಿರ. ಫೋನ್ ಮಾಡಿದರೆ ಅವನು ಗದಗಿನ ಕಡೆ ತನ್ನ ಊರಿನಲ್ಲಿದ್ದ. "ಕೀಲಿ ನನ್ ಕಡೇನ ಐತ್ರಿ ಮೇಡಮ್ಮ. ಹಬ್ಬ ಮುಗಿಸ್ಕೊಂಡು ಕಾಲೇಜ್ ಸುರು ಆಗೂ ದಿನಾ ಬರ್ತೀನ್ರಿ" ಎಂದ. ಪ್ರಿನ್ಸಿಪಾಲರಿಗೆ ಮಾಡಿದೆ.

"ಒಂದು ಗಿಡಕ್ಕೋಸ್ಕರ ಬೀಗ ಒಡೆಸೋಕಾಗುತ್ತಾ ಮೇಡಂ? ಅದೂ ಪೂಜೆ ಮಾಡಿ ಮುಚ್ಚಿರೋ ರೂಮು. ವಿಜಯದಶಮಿವರೆಗೂ ಏನೂ ಅಲುಗಾಡಿಸಬಾರದು, ನಿಮಗೆ ಗೊತ್ತಿಲ್ವಾ? ನರ್ಸರೀಲಿ ದಾಸವಾಳ ಬೇಕಾದಷ್ಟು ಸಿಗುತ್ತೆ."

"ಅದು ನಮ್ಮ ಯಜಮಾನರ ಗಿಡ ಸಾರ್" ಎಂದಿದ್ದರೆ ಬಹುಶಃ ಅವರೇ ಓಡಿ ಬರುತ್ತಿದ್ದರು, ಕೆಟ್ಟ ಮನುಷ್ಯರಲ್ಲ. ಹೇಳಲಾಗಲಿಲ್ಲ. ಆ ಮಾತು ಆಡಿದರೆ ಅಳು ಬರುತ್ತದೆ ಎಂದು ಗೊತ್ತಿತ್ತು, ಫೋನಿನಲ್ಲಿ ಪ್ರಿನ್ಸಿಪಾಲರ ಮುಂದೆ ಅಳುವ ಜಾತಿಯವಳಲ್ಲ ನಾನು. "ಸರಿ ಸಾರ್" ಎಂದು ಇಟ್ಟೆ.

ಆ ರಜೆಯಲ್ಲಿ ನನ್ನ ಓದೇ ನನ್ನನ್ನು ಕೊಂದಿತು. ಏನೂ ತಿಳಿಯದವಳಾಗಿದ್ದರೆ ಗಿಡ ಬಾಡಬಹುದು ಎಂದಷ್ಟೇ ಅಂದುಕೊಂಡಿರುತ್ತಿದ್ದೆ. ನನಗೆ ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತು. ಕತ್ತಲಲ್ಲಿ ಗಿಡ ಅಡುಗೆ ನಿಲ್ಲಿಸುತ್ತದೆ, ಉಸಿರಾಟ ನಿಲ್ಲಿಸುವುದಿಲ್ಲ. ಮೊದಲು ಎಲೆಯ ಪಿಷ್ಟ ಮುಗಿಯುತ್ತದೆ. ಆಮೇಲೆ ಕಾಂಡದ್ದು, ಬೇರಿನದು. ಕೂಡಿಟ್ಟದ್ದನ್ನು ಒಡೆದು, ಅದರ ಇಂಗಾಲವನ್ನು ತಿರುಗಿ ಗಾಳಿಗೆ ಬಿಡುತ್ತದೆ. ಎಂದರೆ ಅವರು ಸಂಜೆ ಸಂಜೆ ಬಗ್ಗಿ ಹಾಕಿದ ಊಟ ಆ ಕಬ್ಬಿಣದ ಬೀರುವಿನೊಳಗೆ ಖರ್ಚಾಗುತ್ತಿತ್ತು. ಗಿಡ ಸತ್ತರೆ ಎಂಬ ಭಯ ಒಂದು ಕಡೆ; ಬದುಕಿದರೂ ಅದರೊಳಗಿನ ಅವರು ಮುಗಿದುಹೋದರೆ ಎಂಬುದು ಇನ್ನೊಂದು. ಇದನ್ನು ಯಾರಿಗೆ ಹೇಳುವುದು? ಕೇಳಿಸಿಕೊಂಡು ಹೂಂ ಎನ್ನಬಹುದಾಗಿದ್ದವರು ಒಬ್ಬರೇ.

ಒಂದು ಮಧ್ಯಾಹ್ನ ತಡೆಯಲಾರದೆ ಕಾಲೇಜಿಗೆ ಹೋದೆ. ವಾಚ್‌ಮನ್ ಒಳಗೆ ಬಿಟ್ಟ. ಕಾರಿಡಾರಿನ ಕಿಟಕಿಯ ಗಾಜಿಗೆ ಕೈ ಒಡ್ಡಿ ನೋಡಿದೆ. ಮೈಕ್ರೋಸ್ಕೋಪುಗಳು ಒಣಗಿದ ಸೇವಂತಿಗೆ ಹಾರ ಹಾಕಿಕೊಂಡು ಸಾಲಾಗಿ ಕೂತಿದ್ದವು. ನಾನಿಟ್ಟ ಬಾಳೆಹಣ್ಣು ಕಪ್ಪಾಗಿ ಅಲ್ಲೇ ಇತ್ತು. ಹಿಂದೆ ಬೀರು, ಅದರ ಬಾಗಿಲಿಗೂ ಯಾರೋ ಕುಂಕುಮ ಇಟ್ಟಿದ್ದರು.

"ಯಾರನ್ನ ನೋಡ್ಬೇಕಿತ್ತು ಮೇಡಂ?" ಎಂದ ವಾಚ್‌ಮನ್.

"ಯಾರನ್ನೂ ಇಲ್ಲಪ್ಪ."

ಕಾಲೇಜು ತೆರೆದ ದಿನ ಎಲ್ಲರಿಗಿಂತ ಮುಂಚೆ ಹೋಗಿ ಲ್ಯಾಬಿನ ಮುಂದೆ ನಿಂತಿದ್ದೆ. ಅಟೆಂಡರ್ ಬಂದು ಬೀಗ ತೆಗೆದು, ಮೇಜು ಸರಿಸಿಕೊಟ್ಟ. ಒಂದು ಬಕೆಟ್ ನೀರು ತಾ ಎಂದು ಅವನನ್ನು ಕಳಿಸಿದೆ. ಬೀರುವಿನ ಹಿಡಿಗೆ ಕೈ ಹಾಕಿದವಳು ಅಲ್ಲೇ ನಿಂತೆ. ಇಷ್ಟು ದಿನ ಗಿಡ ಒಳಗೇ ಉಸಿರು ಬಿಟ್ಟಿದೆ. ಬಾಗಿಲು ತೆರೆದರೆ ಆ ಗಾಳಿ ರೂಮಿಗೆ, ರೂಮಿನಿಂದ ರಸ್ತೆಗೆ ಹೋಗುತ್ತದೆ. ಬೀರುವಿನ ಸಂದಿಗಳಲ್ಲಿ ಅದು ಯಾವತ್ತೋ ಸೋರಿಹೋಗಿರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತು. ಆದರೂ ಬಾಗಿಲನ್ನು ಮುಖ ಹಿಡಿಸುವಷ್ಟೇ ತೆರೆದು, ಮುಖ ಒಳಗಿಟ್ಟು, ಎದೆ ತುಂಬಾ ಎಳೆದುಕೊಂಡೆ. ತುಕ್ಕಿನ ವಾಸನೆ, ಹಸಿ ಮಣ್ಣಿನ ವಾಸನೆ. ಸಂಜೆ ಕೆಲಸದಿಂದ ಬಂದ ಅವರ ಅಂಗಿಯಲ್ಲೂ ಕಬ್ಬಿಣದ ವಾಸನೆಯೇ ಇರುತ್ತಿತ್ತು. ಆವತ್ತು ನಾನು ಅತ್ತೆ. ಅವರು ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ನೀರು ತಂದ ಅಟೆಂಡರ್, "ಧೂಳ್ ಭಾಳ ಐತ್ರಿ ಮೇಡಮ್ಮ, ಸರೀರಿ, ನಾ ತೆಗೀತೀನಿ" ಎಂದು ಡಬ್ಬವನ್ನು ಎತ್ತಿ ಕಿಟಕಿಯ ಹತ್ತಿರ ಇಟ್ಟ. ಎಲೆಗಳು ಹಳದಿಯಾಗಿ ಮುಕ್ಕಾಲು ಪಾಲು ಉದುರಿದ್ದವು. ಉಳಿದವು ಮುಟ್ಟಿದರೆ ಬಿದ್ದವು. ತುದಿಯಲ್ಲಿ ಮಾತ್ರ ಒಂದು ಚಿಗುರು ಅನ್ನದ ಬಣ್ಣಕ್ಕೆ ತಿರುಗಿ ಉದ್ದಕ್ಕೆ ಚಾಚಿಕೊಂಡಿತ್ತು.

ಕೆಮಿಸ್ಟ್ರಿಯವಳು ಬಾಗಿಲಲ್ಲಿ ನಿಂತಿದ್ದಳು. "ಅಯ್ಯೋ, ಸತ್ತೋಯ್ತಾ ಅಕ್ಕ?"

ಕಾಂಡವನ್ನು ಉಗುರಿನಿಂದ ಕೆರೆದೆ. ಸಿಪ್ಪೆಯ ಕೆಳಗೆ ಹಸಿರಿತ್ತು.

"ಇಲ್ಲ. ಇದೆ" ಎಂದೆ.

ಅವಳು ಹತ್ತಿರ ಬಂದು ಡಬ್ಬದ ಇನ್ನೊಂದು ಕಡೆ ಹಿಡಿದಳು.  ಇಬ್ಬರೂ ಸೇರಿ ಮೆಟ್ಟಿಲಿಳಿಸಿ ಆಟೋಗೆ ಹತ್ತಿಸಿದೆವು. ಆ ವರ್ಷ ಮಕ್ಕಳಿಗೆ ಪ್ರಯೋಗವನ್ನು ಸ್ಮಾರ್ಟ್ ಬೋರ್ಡಿನಲ್ಲೇ ತೋರಿಸಿದೆ. ಚೆನ್ನಾಗಿಯೇ ಇತ್ತು.

ಸಂಜೆ ಡಬ್ಬವನ್ನು ಬಾಲ್ಕನಿಯ ಕೆಂಪು ಬಳೆಯ ಮೇಲೆ, ಗುರುತಿಗೆ ಸರಿಯಾಗಿ ಕೂರಿಸಿದೆ. ಟೀ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತೆ. ಕೆಳಗೆ ಯಾರೋ ಸ್ಕೂಟರ್ ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಬೀರುವಿನಿಂದ ಎಳೆದುಕೊಂಡದ್ದು ಇಷ್ಟು ಹೊತ್ತು ನನ್ನೊಳಗೆ ಉಳಿದಿರುವುದಿಲ್ಲ, ಅದೂ ನನಗೆ ಗೊತ್ತು. ಲೋಟ ಕೆಳಗಿಟ್ಟೆ. ಬೀದಿಯಲ್ಲಿ ಯಾರಾದರೂ ನೋಡುತ್ತಿದ್ದಾರೋ ಎಂದು ನೋಡಿಕೊಂಡು ಬಗ್ಗಿದೆ. ಆ ಬಿಳಿ ಚಿಗುರಿನ ಮೇಲೆ "ಹಾ…" ಎಂದು ಉದ್ದಕ್ಕೆ ಉಸಿರು ಬಿಟ್ಟೆ.

"ಊಟ ಹಾಕ್ದೆ ಕಣ್ರೀ" ಎಂದೆ.